ಕೋಡಗಗಳ ಋತುಚರ್ಯೆಯೂ ರೈತನ ಬೆಳೆಯೂ

ಕಲಘಟಗಿ ತಾಲೂಕಿನಲ್ಲಿ ಅಡವಿಯ ಅಂಚಿಗೆ ಹೊಲವುಳ್ಳ ರೈತನು, ಗೋವಿನಜೋಳದ ತೆನೆಗಳಲ್ಲಿ ಹಾಲು ತುಂಬುವ ಹೊತ್ತಿಗೆ, ಮೇರೆಯ ಮರಗಳ ಕಡೆಗೆ ಕಣ್ಣಿಟ್ಟು ಕೂಡ್ರುವನು. ಒಂದೆರಡು ತಾಸು ಕಾವಲು ತಪ್ಪಿದರೆ ಮೇರೆಗೆ ಹತ್ತಿದ ನಾಲ್ಕಾರು ಸಾಲುಗಳ ತೆನೆಗಳು ಸುಲಿಯಲ್ಪಟ್ಟು, ಅರ್ಧ ತಿಂದು ಅರ್ಧ ಬಿಸುಟ ಸ್ಥಿತಿಯಲ್ಲಿ ಬಿದ್ದಿರುವವು. ಇಂಥ ಹೊತ್ತಿನಲ್ಲಿ ಊರ ಹಿರಿಯರು ಕಟ್ಟೆಯ ಮೇಲೆ ಕೂಡಿ ಹುಡುಕುವ ಉಪಾಯವು ಬಹುತರವಾಗಿ ಒಂದೇ ಬಗೆಯದು. ಮನೆಗಿಷ್ಟೆಂದು ಹಣ ಕೂಡಿಸುವದು, ಮಂಗ ಹಿಡಿಯುವವರನ್ನು ಕರೆಯಿಸುವದು, ಸಿಕ್ಕಷ್ಟನ್ನು ಪಂಜರದಲ್ಲಿ ತುಂಬಿ ಹತ್ತು ಹರದಾರಿ ಆಚೆಗೆ ಬಿಟ್ಟು ಬರುವದು. ಕೆಲವು ತಿಂಗಳುಗಳು ಕಳೆಯುವಷ್ಟರಲ್ಲಿ ಅದೇ ಮೇರೆಯ ಮೇಲೆ ಮತ್ತೊಂದು ಹಿಂಡು ಕಾಣಿಸಿಕೊಳ್ಳುವದು. ಹಣವೂ ಹೋಯಿತು, ತೆನೆಯೂ ಹೋಯಿತು. ಹೀಗೇಕಾಗುವದೆಂಬುದನ್ನು ತಿಳಿಯಬೇಕಾದರೆ, ಈ ಪ್ರಾಣಿಯು ವರ್ಷದ ಹನ್ನೆರಡು ತಿಂಗಳು ಎಲ್ಲಿರುವದು, ಏನು ತಿನ್ನುವದು, ಯಾವ ಕಾಲದಲ್ಲಿ ಎಲ್ಲಿಂದ ಎಲ್ಲಿಗೆ ಸರಿಯುವದು ಎಂಬುದನ್ನು ಮೊದಲು ಅರಿಯಬೇಕು.

ಜಿಲ್ಲೆಯಲ್ಲಿ ಮಂಗಗಳು ಎರಡು ಜಾತಿಯವು. ಕರಿಮೋರೆಯ, ಬೂದುಬಣ್ಣದ, ನೀಳಬಾಲದ ದೊಡ್ಡ ಮಂಗವು ಮುಸುವ. ಜನರು ಮುಸ್ಯಾ ಎಂದು ಕರೆಯುವದು ಇದನ್ನೇ. ಮೈ ಸಣ್ಣದಾಗಿ, ಬಣ್ಣ ಕಂದಾಗಿ, ನೆತ್ತಿಯ ಕೂದಲು ನಡುಬೈತಲೆ ತೆಗೆದು ಟೊಪ್ಪಿಗೆಯಿಟ್ಟಂತೆ ಸುತ್ತಲೂ ಹರಡಿರುವದು ಕೋಡಗ. ಬೆಳೆದ ಹೆಣ್ಣು ಕೋಡಗವು ಮೂರರಿಂದ ಐದು ಕಿಲೋ, ಗಂಡು ಐದರಿಂದ ಹತ್ತು ಕಿಲೋ ತೂಗುವದು. ದಕ್ಷಿಣ ಹಿಂದುಸ್ಥಾನದ ಹೊರಗೆ ಜಗತ್ತಿನ ಬೇರಾವ ಕಾಡಿನಲ್ಲಿಯೂ ಈ ಜಾತಿಯು ತಾನಾಗಿ ಬೆಳೆದಿಲ್ಲ. ಎರಡಕ್ಕೂ ಮಂಗವೆಂಬ ಒಂದೇ ಹೆಸರನ್ನು ಬಳಸುವದರಿಂದ ರೈತನು ಒಂದರ ತಪ್ಪನ್ನು ಇನ್ನೊಂದರ ಮೇಲೆ ಹೊರಿಸುವದುಂಟು. ಮುಸುವದ ಹೊಟ್ಟೆಯು ಹಲವು ಚೀಲಗಳಾಗಿ ವಿಭಾಗಗೊಂಡಿದ್ದು, ಬಲಿತ ಎಲೆಯನ್ನು ಸಹ ಅರಗಿಸಬಲ್ಲದು. ಆದುದರಿಂದ ಅದು ಎಲೆ, ಚಿಗುರು, ಮೊಗ್ಗುಗಳ ಮೇಲೆಯೇ ಬಹಳ ದಿನ ಕಳೆಯುವದು. ಕೋಡಗಕ್ಕೆ ಅಂಥ ಹೊಟ್ಟೆಯಿಲ್ಲ. ಅದಕ್ಕೆ ಹಣ್ಣು, ಕಾಳು, ಬೀಜ, ಹೂವು, ಗಡ್ಡೆ, ಮಿಡತೆ, ಹುಳು ಮುಂತಾದ ಸಾರವುಳ್ಳ ಆಹಾರವೇ ಬೇಕು. ಅದರ ಬದಲಾಗಿ ಸೃಷ್ಟಿಯು ಅದಕ್ಕೆ ಎರಡು ಗಲ್ಲದ ಚೀಲಗಳನ್ನು ಕೊಟ್ಟಿರುವದು. ಹೊಲಕ್ಕೆ ನುಗ್ಗಿ, ಕೈಗೆ ಸಿಕ್ಕ ಕಾಳನ್ನು ಗಲ್ಲದಲ್ಲಿ ತುಂಬಿಕೊಂಡು, ಮರವೇರಿ ನಿಶ್ಚಿಂತೆಯಿಂದ ಅಗಿಯುವದು ಅದರ ರೀತಿ. ಬಿತ್ತಿದ ಶೇಂಗಾವನ್ನು ಸಾಲು ಹಿಡಿದು ಕೆದರುವದು ಕೋಡಗದ ಬೆರಳುಗಳ ಕೆಲಸ. ಮರದ ತುದಿಯಲ್ಲಿ ಎಲ್ಲರ ಕಣ್ಣಿಗೂ ಕಾಣುವಂತೆ ಕುಳಿತ ಮುಸುವಕ್ಕೆ ಕವಣೆಯ ಕಲ್ಲು ಬೀಳುವದು. ಮಂಗ ಮೊಸರನ್ನ ತಿಂದು ಆಡಿನ ಬಾಯಿಗೆ ಒರೆಸಿತೆಂಬ ಗಾದೆಯು ಇಲ್ಲಿ ಮಂಗಗಳೊಳಗೇ ನಡೆದಿದೆ.

ಧಾರವಾಡದ ಮಂಗಗಳು ಪಂಡಿತರ ಪ್ರಪಂಚದಲ್ಲಿ ಹೆಸರುಗೊಂಡಿರುವ ಸಂಗತಿಯು ಈ ಜಿಲ್ಲೆಯಲ್ಲಿಯೇ ಬಹುಜನರಿಗೆ ತಿಳಿಯದು. ೧೯೬೧ನೆಯ ಇಸವಿಯಲ್ಲಿ ಜಪಾನ ದೇಶದ ಯುಕಿಮಾರು ಸುಗಿಯಾಮಾ ಎಂಬ ಪ್ರಾಣಿಶಾಸ್ತ್ರಜ್ಞರು ಇಲ್ಲಿಗೆ ಬಂದು, ೧೯೬೩ರ ವರೆಗೆ ಧಾರವಾಡದ ಪಡುವಣ ಕಾಡುಗಳಲ್ಲಿ ಮುಸುವಗಳ ಹಿಂಡುಗಳನ್ನು ಹಿಂಬಾಲಿಸಿ ಅಭ್ಯಾಸ ಮಾಡಿದರು. ಕೋಡಗಗಳ ಸಂಸಾರವನ್ನೂ ಅವರು ಇಲ್ಲಿಯೇ ಪರೀಕ್ಷಿಸಿದರು. ಕೆ. ಯೋಶಿಬಾ ಹಾಗೂ ಎಂ. ಡಿ. ಪಾರ್ಥಸಾರಥಿ ಎಂಬವರೊಡನೆ ಅವರು ೧೯೬೫ರಲ್ಲಿ ಪ್ರಕಟಿಸಿದ ಲೇಖನವು, ಧಾರವಾಡದ ಮುಸುವಗಳ ಸಂಚಾರದ ಎಲ್ಲೆಯನ್ನೂ ಹಿಂಡು ಹಿಂಡುಗಳ ನಡುವಿನ ಸಂಬಂಧವನ್ನೂ ವಿವರಿಸುವದು. ೧೯೬೨ರಲ್ಲಿ ಅವರ ಕಣ್ಣಿಗೆ ಬಿದ್ದ ಇನ್ನೊಂದು ಸಂಗತಿಯು ಜಗತ್ತಿನ ವಿದ್ವಾಂಸರನ್ನೇ ಬೆರಗುಗೊಳಿಸಿತು. ಮುಸುವಗಳ ಹಿಂಡಿಗೆ ಅನೇಕ ವೇಳೆ ಒಂದೇ ಗಡವವು ಒಡೆಯನಾಗಿರುವದು. ಹೊರಗಿನ ಗಂಡುಗಳು ಬಂದು ಅದನ್ನು ಓಡಿಸಿದ ಮೇಲೆ, ಹೊಸದಾಗಿ ಒಡೆತನ ಪಡೆದ ಗಡವವು ಹಿಂಡಿನ ಮೊಲೆಯುಣ್ಣುವ ಮರಿಗಳನ್ನು ಕಚ್ಚಿ ಕೊಂದಿತು. ಊರ ಮುಸುವಗಳೊಳಗೆ ದೊಡ್ಡ ಗಡವವೊಂದನ್ನೇ ಹಿಡಿಸಿ ಕಳಿಸಿದರೆ ಉಪದ್ರವವು ತಗ್ಗುವದೆಂದು ನಂಬಿದವರು ಇದನ್ನು ನೆನೆಯತಕ್ಕದ್ದು. ಗಡವವು ಹೋದರೆ ಹಿಂಡು ಹೋಗುವದಿಲ್ಲ. ಹಿಂಡಿನಲ್ಲಿ ಕಲಹವು ಮಾತ್ರ ಹುಟ್ಟುವದು. ಕೋಡಗಗಳ ರೀತಿಯು ಬೇರೆ. ಒಂದೇ ಹಿಂಡಿನಲ್ಲಿ ಹಲವು ಬೆಳೆದ ಗಂಡುಗಳು ಹೆಚ್ಚು ಜಗಳವಿಲ್ಲದೆ ಕೂಡಿ ಬಾಳುವವು.

ಮುಸುವವಾಗಲಿ ಕೋಡಗವಾಗಲಿ ಅಲೆಮಾರಿಯಲ್ಲವೆಂಬುದೇ ಇಲ್ಲಿ ಮುಖ್ಯವಾದ ಮಾತು. ರೈತನ ಹೊಲಕ್ಕೆ ಚಕಬಂದಿಯಿರುವಂತೆ ಪ್ರತಿಯೊಂದು ಹಿಂಡಿಗೂ ತನ್ನದೆಂಬ ಸೀಮೆಯುಂಟು, ಕಲ್ಲು ನಟ್ಟಿರುವದಿಲ್ಲವಷ್ಟೆ. ನೆರೆಯ ಹಿಂಡಿನ ಸೀಮೆಯೊಡನೆ ಅದು ಅಂಚಿನಲ್ಲಿ ತುಸು ಬೆರೆತಿರುವದು. ಕೋಡಗಗಳಲ್ಲಿ ಹೆಣ್ಣುಗಳು ಹುಟ್ಟಿದ ಹಿಂಡಿನಲ್ಲಿಯೇ ಕೊನೆಯ ವರೆಗೆ ಉಳಿಯುವವು. ಪ್ರಾಯಕ್ಕೆ ಬಂದ ಗಂಡುಗಳು ಬೇರೆ ಹಿಂಡುಗಳಿಗೆ ಹೋಗಿ ಸೇರುವವು. ಹೀಗಿರುವದರಿಂದ ಯಾವ ಅತ್ತಿಯ ಮರವು ಯಾವಾಗ ಹಣ್ಣಾಗುವದು, ಯಾವ ಹಳ್ಳದ ಮಡುವಿನಲ್ಲಿ ವೈಶಾಖದ ವರೆಗೆ ನೀರು ನಿಲ್ಲುವದು ಎಂಬ ತಿಳಿವಳಿಕೆಯು ತಾಯಿಯಿಂದ ಮಗಳಿಗೆಂಬಂತೆ ಹಿಂಡಿನಲ್ಲಿ ಉಳಿದು ಬರುವದು ಸಹಜವೇ. ಒಂದು ಹಿಂಡನ್ನು ಕಿತ್ತು ಒಯ್ದರೆ ತೆರವಾದ ಸೀಮೆಗೆ ನೆರೆಯ ಹಿಂಡು ಸರಿದು ಬರುವದು. ಒಯ್ದು ಬಿಟ್ಟ ಹಿಂಡಿಗೋ ಹೊಸ ಕಾಡಿನ ಮರವೂ ಗೊತ್ತಿಲ್ಲ, ನೀರೂ ಗೊತ್ತಿಲ್ಲ. ಅಲ್ಲಿಯ ಒಡೆಯರಾದ ಹಿಂಡುಗಳು ಅದನ್ನು ಬೆನ್ನಟ್ಟುವವು. ಆಗ ಅದು ಸಮೀಪದ ಊರನ್ನು ಹುಡುಕಿಕೊಂಡು ಬರುವದು. ಒಂದು ಊರಿನ ಪೀಡೆಯನ್ನು ಇನ್ನೊಂದು ಊರಿನ ತಲೆಗೆ ಕಟ್ಟುವ ಈ ಪದ್ಧತಿಗೆ ಉಪಾಯವೆಂಬ ಹೆಸರು ಸಲ್ಲದು.

ಕೋಡಗದ ವರ್ಷವು ಯುಗಾದಿಗಿಂತ ಮುಂಚೆ, ಎಲೆ ಉದುರುವ ಕಾಲದಲ್ಲಿ ಮೊದಲಾಗುವದೆಂದು ಹೇಳಬಹುದು. ಹೆಚ್ಚಿನ ಮರಿಗಳು ಫೆಬ್ರುವರಿಯಿಂದ ಎಪ್ರಿಲದ ವರೆಗೆ ಹುಟ್ಟುವವು. ಕಲಘಟಗಿಯ ಕಾಡಿನಲ್ಲಿ ಆಗ ತೇಗ, ಮತ್ತಿ ಮುಂತಾದ ಮರಗಳು ಬೋಳಾಗಿರುವವು. ನೆರಳಿಲ್ಲ, ಹಳ್ಳಗಳು ಬತ್ತುತ್ತಿರುವವು. ಎದೆಗೆ ಮರಿಯನ್ನು ಅಪ್ಪಿಕೊಂಡ ತಾಯಿಗೆ ಇದು ಕಠಿಣವಾದ ಕಾಲವೆಂದು ತೋರುವದು ನಿಜ. ಆದರೆ ಬೋಳುಮರಗಳಲ್ಲಿಯೂ ಊಟವಿದೆ. ಬೂರುಗದ ಕೆಂಪು ಹೂಗಳಲ್ಲಿ ರಸ ತುಂಬಿರುವದು; ಮುತ್ತಲವು ಹೂತಿರುವದು; ಹುಣಸೆಯು ಹಣ್ಣಾಗಿರುವದು. ಹಿಂಡಿನ ಸಂಚಾರವು ಈಗ ನೀರಿಗೆ ಕಟ್ಟಿದಂತೆ ಇರುವದು. ಬೇಡ್ತಿಯ ಹಾಗೂ ಅದಕ್ಕೆ ಕೂಡುವ ಹಳ್ಳಗಳ ಮಡುಗಳು, ಕಾಡಂಚಿನ ಕೆರೆಗಳು ಎಲ್ಲಿರುವವೋ ಅಲ್ಲಿಯೇ ಅದು ಸುಳಿಯುವದು; ಮಳೆಗಾಲದಲ್ಲಿ ಮೇದ ದೂರದ ದಿನ್ನೆಗಳ ಕಡೆಗೆ ತಲೆಯಿಡದು. ಚೈತ್ರ ವೈಶಾಖಗಳಲ್ಲಿ ಕಾಡಮಾವು ಹಾಗೂ ಕವಳಿಯ ಹಣ್ಣು ಒಂದರ ಬೆನ್ನಿಗೊಂದು ಬರುವವು. ಈ ಎರಡು ತಿಂಗಳು ಆಪೂಸ ಮಾವಿನ ತೋಟದವರು ಕಣ್ಣಿಗೆ ನಿದ್ದೆಯಿಲ್ಲದೆ ಇರಬೇಕಾಗುವದು. ಹೊಲದ ರೈತನಿಗೆ ಮಾತ್ರ ಕಾಯತಕ್ಕ ಬೆಳೆಯೇ ಇರುವದಿಲ್ಲ.

ಮೃಗದ ಮಳೆ ಬಿದ್ದೊಡನೆ ನೇರಲೆಯು ಕಪ್ಪಾಗುವದು. ನೆಲದಿಂದ ಹುಳುಗಳೇಳುವವು, ಗೆದ್ದಲು ರೆಕ್ಕೆ ಬಿಚ್ಚುವದು, ಎಲ್ಲೆಲ್ಲಿಯೂ ಎಳೆಯ ಚಿಗುರು, ಎಲ್ಲೆಲ್ಲಿಯೂ ನೀರು. ಫಾಲ್ಗುಣದಲ್ಲಿ ಹುಟ್ಟಿದ ಮರಿಯು ತಾನಾಗಿ ಬಾಯಾಡಿಸಲು ಕಲಿಯುವದು ಈ ಸಮೃದ್ಧಿಯ ಕಾಲಕ್ಕೇ ಸರಿಯಾಗಿ ಒದಗುವದು. ನೀರಿನ ಕಟ್ಟು ಬಿಟ್ಟಿದ್ದರಿಂದ ಹಿಂಡು ತನ್ನ ಸೀಮೆಯ ತುಂಬ ಚದುರಿ ಮೇಯುವದು. ಆರಿದ್ರಾ, ಪುನರ್ವಸುಗಳಲ್ಲಿ ರೈತನಿಗೆ ಅದರ ಭಯ ಕಡಿಮೆ. ಬಿತ್ತಿದ ಶೇಂಗಾ ಮೊಳೆಯುವ ವರೆಗಿನ ವಾರವೊಂದೇ ಎಚ್ಚರದ ವಾರ. ಅದೂ ಮರಗಳಿಗೆ ಹತ್ತಿದ ಹೊಲಗಳಲ್ಲಿ.

ಮಘಾ ಮಳೆಯ ತರುವಾಯ ಕಾಡಿನ ಉಗ್ರಾಣವು ಬರಿದಾಗತೊಡಗುವದು. ಬೇಸಿಗೆಯ ಹಣ್ಣುಗಳು ತೀರಿರುವವು. ನೆಲ್ಲಿ, ಬಾರಿಗಳು ಇನ್ನೂ ಕಾಯಿ. ಹುಬ್ಬಾ, ಉತ್ತರಾ ಮಳೆಗಳ ಈ ನಡುವಣ ಕಾಲದಲ್ಲಿಯೇ ಗೋವಿನಜೋಳವು ಹಾಲುದುಂಬಿ ನಿಲ್ಲುವದು, ಶೇಂಗಾದ ಕಾಯಿ ಗಟ್ಟಿಯಾಗುವದು. ಅಲ್ಲದೆ ಸಪ್ಟಂಬರದಿಂದ ನವ್ಹಂಬರದ ವರೆಗೆ ಕೋಡಗಗಳ ಕೂಡುವ ಕಾಲ. ಗರ್ಭವು ಸುಮಾರು ಐದೂವರೆ ತಿಂಗಳಿನದಾದುದರಿಂದ, ಮುಂದಿನ ಫಾಲ್ಗುಣದ ಮರಿಗಳಿಗೆ ಬೀಜವು ಬೀಳುವದು ಈಗಲೇ. ಹೆಣ್ಣಿಗೆ ಪುಷ್ಟಿಯುಳ್ಳ ಆಹಾರವು ಬೇಕಾದಾಗಲೇ ಕಾಡಿನಲ್ಲಿ ಕೊರತೆಯೂ ಹೊಲದಲ್ಲಿ ಸಮೃದ್ಧಿಯೂ ಎದುರಾಗುವವು. ಅಡವಿಯಂಚಿನ ರೈತನಿಗೆ ಆಗುವ ಹಾನಿಯ ಬಹುಭಾಗವು ಈ ಆರೆಂಟು ವಾರಗಳಲ್ಲಿಯೇ ಆಗುವದರ ಗುಟ್ಟು ಇಷ್ಟೇ. ಚಿತ್ತಾ, ಸ್ವಾತಿಗಳು ಕಳೆದು ಚಳಿ ಬಿದ್ದ ಮೇಲೆ ಬಾರಿಯ ಹಣ್ಣು, ನೆಲ್ಲಿ, ಹುಲ್ಲಿನ ಕಾಳುಗಳು ಸಿಗುವವಾದ್ದರಿಂದ ಹಿಂಡು ಮತ್ತೆ ಕಾಡಿಗೆ ತಿರುಗುವದು.

ಈ ಎಲ್ಲ ಕೊರತೆಗಳ ನಡುವೆ ಕೋಡಗವನ್ನು ಬದುಕಿಸುವ ಮರಗಳ ಒಂದು ಕುಲವಿದೆ. ಆಲ, ಅರಳಿ, ಅತ್ತಿ, ಬಸರಿ, ಗೋಣಿ ಇವೆಲ್ಲ ಒಂದೇ ಕುಲದವು. ಮಾವಿನ ಮರಗಳೆಲ್ಲ ಒಂದೇ ಸುಗ್ಗಿಯಲ್ಲಿ ಹಣ್ಣಾಗುವಂತೆ ಇವು ಆಗುವದಿಲ್ಲ. ಒಂದು ಆಲವು ಶ್ರಾವಣದಲ್ಲಿ ಹಣ್ಣು ಬಿಟ್ಟರೆ, ಅರ್ಧ ಹರದಾರಿಯ ಮೇಲಿನ ಇನ್ನೊಂದು ಆಲವು ಮಾರ್ಗಶಿರದಲ್ಲಿ ಬಿಟ್ಟೀತು. ಅತ್ತಿಯು ವರ್ಷದಲ್ಲಿ ಹಲವು ಸಾರೆ ಬಿಡುವದು. ಇದಕ್ಕೆ ಕಾರಣವು ಅತ್ತಿಯ ಹಣ್ಣನ್ನು ಒಡೆದು ನೋಡಿದವರೆಲ್ಲರಿಗೂ ಗೊತ್ತಿರುವ ಆ ಸಣ್ಣ ಹುಳು. ಈ ಕುಲದ ಮರಗಳ ಹೂಗಳು ಹಣ್ಣಿನಂತೆ ಕಾಣುವ ಬುಗುಟಿನ ಒಳಗೇ ಅರಳುವವು. ಅದಕ್ಕೆಂದೇ ಹುಟ್ಟಿದ ಕಣಜದ ಜಾತಿಯ ಚಿಕ್ಕ ಹುಳುವು ಒಳಹೊಕ್ಕು ಪರಾಗವನ್ನು ಮುಟ್ಟಿಸದ ಹೊರತು ಬೀಜವು ಕಟ್ಟದು. ಆ ಹುಳುವಿನ ಆಯುಷ್ಯವೋ ಒಂದೆರಡು ದಿನದ್ದು. ಒಂದು ಮರದಿಂದ ಹೊರಬಿದ್ದ ಹುಳುವಿಗೆ ಹೊಕ್ಕು ಮೊಟ್ಟೆಯಿಡಲು ಮತ್ತೊಂದು ಮರವು ಆ ಹೊತ್ತಿಗೆ ಸಿದ್ಧವಾಗಿರಲೇಬೇಕು. ಆದುದರಿಂದ ಸೀಮೆಯಲ್ಲಿ ಈ ಕುಲದ ಮರಗಳು ಸಾಕಷ್ಟಿದ್ದರೆ ಯಾವದಾದರೊಂದು ಮರವು ಯಾವಾಗಲೂ ಹಣ್ಣಿನಲ್ಲಿರುವದು. ಭಾದ್ರಪದದ ಕೊರತೆಯಲ್ಲಿ ಹಿಂಡನ್ನು ಹೊಲದಿಂದ ಆಚೆಗೆ ತಡೆದು ನಿಲ್ಲಿಸಬಲ್ಲ ಮರಗಳಿವೇ. ಇವುಗಳ ಕಟ್ಟಿಗೆಯು ತೊಲೆಗೂ ಬಾರದು, ಬಾಗಿಲಿಗೂ ಬಾರದೆಂದು ಒಡ್ಡಿನ ಮೇಲಿನ ಬಸರಿಯನ್ನು ಕಡಿದು ಮಾರಿದವನು, ಕೊಡಲಿಗೆ ಸಿಕ್ಕ ಬೆಲೆಯೊಡನೆ ಗೋವಿನಜೋಳದ ಸಾಲುಗಳನ್ನೂ ಲೆಕ್ಕ ಹಿಡಿದು ನೋಡಬೇಕು.

ಕಲಘಟಗಿಯಿಂದ ಮೂಡಣಕ್ಕೆ ಸರಿದಂತೆ ಲೆಕ್ಕವೇ ಬದಲಾಗುವದು. ಕುಂದಗೋಳವನ್ನು ದಾಟಿ ನವಲಗುಂದ, ಅಣ್ಣಿಗೇರಿಗಳ ಎರೆಸೀಮೆಯನ್ನು ಹೊಕ್ಕರೆ ಕಾಡಿಲ್ಲ, ಮಳೆಯೂ ಕಡಿಮೆ. ಇಲ್ಲಿ ಮಂಗಕ್ಕೆ ಸೀಮೆಯೆಂದರೆ ಹರಡಿದ ಅಡವಿಯಲ್ಲ, ಒಂದು ದಾರದಂಥ ಪಟ್ಟಿ: ಊರ ಮುಂದಿನ ಆಲ, ಕೆರೆಯ ಏರಿ, ಗುಡಿಯ ಅಂಗಳ, ಬೆಣ್ಣಿಹಳ್ಳದ ದಂಡೆಯ ಜಾಲಿ, ದಾರಿಯ ಬದಿಯ ಸಾಲುಮರ. ಹಿಂಗಾರಿಯ ಬಿಳಿಜೋಳ, ಕಡಲೆ, ಗೋದಿಗಳು ನಿಂತಿರುವ ವರೆಗೆ ಅದಕ್ಕೆ ಹೊಲವುಂಟು. ಸೀತನಿಯ ಕಾಲದಲ್ಲಿ ರೈತನು ಸುಟ್ಟು ತಿನ್ನುವ ಹಸಿದೆನೆಯೇ ಅದಕ್ಕೂ ಪ್ರಿಯವು. ಸುಗ್ಗಿಯು ತೀರಿ ಎರೆಯು ಬಿರಿದು ಬಯಲಾದ ಮೇಲೆ, ಫಾಲ್ಗುಣದಿಂದ ಮೃಗದ ಮಳೆಯ ವರೆಗೆ, ಹೊಲದಲ್ಲಿ ಒಂದು ಕಾಳಿಲ್ಲ, ಹಳ್ಳದಲ್ಲಿ ಒಂದು ಹನಿಯಿಲ್ಲ. ಆಗ ಅದರ ಹೊಲವೇ ಊರು. ಮಾಳಿಗೆಯ ಮೇಲೆ ಒಣಹಾಕಿದ ಕಾಳು, ಹಪ್ಪಳ, ಸಂಡಿಗೆಗಳೂ ಬೆಳಕಿಂಡಿಯ ಕೆಳಗಿನ ರೊಟ್ಟಿಯ ಬುಟ್ಟಿಯೂ ಅದಕ್ಕೆ ಗುರಿಯಾಗುವವು. ಕಲಘಟಗಿಯವರಿಗೆ ಮಂಗದ ಕಾಟವು ಭಾದ್ರಪದದ್ದು, ನವಲಗುಂದದವರಿಗೆ ಚೈತ್ರದ್ದು. ಒಂದು ತಾಲೂಕಿನ ಉಪಾಯವನ್ನು ಇನ್ನೊಂದು ತಾಲೂಕಿನಲ್ಲಿ ಅದೇ ತಿಂಗಳಲ್ಲಿ ಮಾಡಿದರೆ ಫಲವಿಲ್ಲ.

ಬಯಲುಸೀಮೆಯ ಸಾಲುಮರಗಳ ಸಂಬಂಧವಾಗಿ ಮೈಸೂರಿನ ಕಡೆಯಿಂದ ಬಂದ ಒಂದು ಅನುಭವವನ್ನು ಇಲ್ಲಿ ಹೇಳತಕ್ಕದ್ದಿದೆ. ಮೈಸೂರಿನ ಸುತ್ತಲಿನ ದಾರಿಗಳ ಬದಿಯಲ್ಲಿ ವಾಸಿಸುವ ಕೋಡಗಗಳನ್ನು ಮೇವಾ ಸಿಂಗ್ ಅವರೂ ಅವರ ಸಂಗಡಿಗರೂ ೧೯೮೯ರಿಂದ ೨೦೦೯ರ ವರೆಗೆ ಹಲವು ಸಾರೆ ಎಣಿಸಿದರು. ಈ ಅವಧಿಯಲ್ಲಿ ಅವುಗಳ ಸಂಖ್ಯೆಯು ಅರ್ಧಕ್ಕಿಂತಲೂ ಕೆಳಗಿಳಿಯಿತು. ದಾರಿಯ ಬದಿಯ ಆಲದ ಕುಲದ ಮರಗಳು ಕಡಿಯಲ್ಪಟ್ಟದ್ದು ಇದಕ್ಕೆ ಮುಖ್ಯ ಕಾರಣಗಳಲ್ಲೊಂದೆಂದು ಕಂಡುಬಂದಿತು. ಎಲ್ಲೆಲ್ಲಿಯೂ ಕಾಣುವ ಪ್ರಾಣಿಗೆ ಏನಾದೀತೆಂದು ತಿಳಿದಿದ್ದ ಪಂಡಿತರು ಸಹ ಈಚೆಗೆ ತಮ್ಮ ಮತವನ್ನು ತಿದ್ದಿಕೊಂಡು, ಜಗತ್ತಿನ ಅಪಾಯಸ್ಥಿತಿಯ ಪ್ರಾಣಿಗಳ ಯಾದಿಯಲ್ಲಿ ಕೋಡಗವನ್ನು ಸೇರಿಸಿದ್ದಾರೆ. ಊರಿನಲ್ಲಿ ಕೂತು ನೋಡುವವನಿಗೆ ಮಂಗಗಳು ಹೆಚ್ಚಿದಂತೆಯೇ ತೋರುವದು. ಸಾಲುಮರವು ಹೋದರೆ ಅದರಲ್ಲಿದ್ದ ಹಿಂಡು ಮಾಳಿಗೆಗೆ ಬರುವದಷ್ಟೇ. ಕಣ್ಣಿಗೆ ಬೀಳುವದು ಹೆಚ್ಚಾದ ಮಾತ್ರಕ್ಕೆ ಸಂತತಿಯು ಹೆಚ್ಚಿತೆಂದು ಹೇಳಲಾಗದು.

ಇನ್ನು ಕಾವಲಿನ ಮಾತು. ಕೋಡಗವು ರಾತ್ರಿಯನ್ನು ಎತ್ತರದ ಮರಗಳಲ್ಲಿ ಕಳೆದು, ಬೆಳಗಿನಲ್ಲಿ ಇಳಿದು ಮೇಯತೊಡಗುವದು. ಬಿಸಿಲೇರಿದ ಮೇಲೆ ನೆರಳಿನಲ್ಲಿ ವಿಶ್ರಮಿಸಿ ಸಂಜೆಯ ಮುಂದೆ ಮತ್ತೊಮ್ಮೆ ಹೊರಡುವದು. ಹಿಂಡು ಯಾವ ಮರದಲ್ಲಿ ಮಲಗುವದೆಂದು ಸಂಜೆಗೆ ಗೊತ್ತುಮಾಡಿಕೊಂಡವನಿಗೆ, ಮರುದಿನ ಯಾವ ಮೂಲೆಯಿಂದ ಹೊಲಕ್ಕೆ ಇಳಿಯುವದೆಂಬುದು ಬಹುಮಟ್ಟಿಗೆ ಗೊತ್ತಾಗುವದು. ಅಟ್ಟಣಿಗೆಯನ್ನು ಹೊಲದ ನಡುವೆ ಕಟ್ಟುವ ರೂಢಿಯು ಹಕ್ಕಿಗಳಿಗಾಗಿ ಹುಟ್ಟಿದ್ದು. ಮಂಗಕ್ಕೆ ಅದನ್ನು ಮರಗಳ ಕಡೆಯ ಮೇರೆಗೆ ಕಟ್ಟಬೇಕು. ಏರಲು ಮರವಿಲ್ಲದ ಬಯಲಿನಲ್ಲಿ ಬಹುದೂರ ಬರಲು ಕೋಡಗವು ಅಂಜುವದರಿಂದ ಹಾನಿಯೆಲ್ಲ ಅಂಚಿನ ಸಾಲುಗಳದ್ದು. ಆ ಅಂಚಿನಲ್ಲಿ ಗೋವಿನಜೋಳವನ್ನೂ ಶೇಂಗಾವನ್ನೂ ಬಿಟ್ಟು, ಹತ್ತಿಯನ್ನೋ ಮೆಣಸಿನ ಗಿಡವನ್ನೋ ಹಚ್ಚಿ, ತಿನ್ನುವ ಬೆಳೆಯನ್ನು ಒಳಗೆ ತೆಗೆದುಕೊಂಡರೆ ಕಾವಲಿನವನ ಕೆಲಸವು ಅರ್ಧ ಹಗುರಾಗುವದು. ಒಬ್ಬ ರೈತನೇ ಇದನ್ನು ಮಾಡಿದರೆ ಹಿಂಡು ಪಕ್ಕದವನ ಹೊಲಕ್ಕೆ ಇಳಿದೀತು. ಅಡವಿಗೆ ಹತ್ತಿದ ಹೊಲದವರೆಲ್ಲರೂ ಬಿತ್ತುವ ಮುಂಚೆ ಕೂಡಿ ಗೊತ್ತುಮಾಡಿ, ಆ ಆರೆಂಟು ವಾರಗಳ ಕಾವಲನ್ನು ಸರದಿಯಿಂದ ಹಂಚಿಕೊಳ್ಳಬೇಕು. ಊರ ಹಿರಿಯರ ಮಾತಿಗೆ ಇಲ್ಲಿ ಬೆಲೆಯುಂಟು.

ಗುಡಿಗಳಲ್ಲಿಯೂ ದಾರಿಗಳಲ್ಲಿಯೂ ಬಾಳೆಹಣ್ಣು, ಬಿಸ್ಕೀಟುಗಳನ್ನು ಎಸೆಯುವದನ್ನು ಭಕ್ತರು ಪುಣ್ಯವೆಂದು ತಿಳಿಯುವರು. ಹಾಗೆ ತಿಂದ ಹಿಂಡು ಮನುಷ್ಯನ ಅಂಜಿಕೆಯನ್ನು ಬಿಡುವದು, ಕಾಡಿನ ದಾರಿಯನ್ನು ಮರೆಯುವದು. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಸಿಕ್ಕದ್ದು ಉಳಿದ ದಿನಗಳಲ್ಲಿ ಸಿಗದಿದ್ದರೆ ಮಕ್ಕಳ ಕೈಯಿಂದ ಕಸಿಯುವದು. ಜಾತ್ರೆಯ ವ್ಯವಸ್ಥೆಯನ್ನು ನೋಡುವವರು ಇದನ್ನು ನಿಲ್ಲಿಸುವದು ಕಷ್ಟವೇನೂ ಅಲ್ಲ.

ವಿಷವಿಡುವದು, ಉರುಲು ಹಾಕುವದು, ಅಪ್ಪಣೆಯಿಲ್ಲದೆ ಹಿಡಿಸುವದು ಇವೆಲ್ಲ ೧೯೭೨ರ ವನ್ಯಜೀವಿ ಸಂರಕ್ಷಣೆಯ ಕಾಯ್ದೆಯ ಮೇರೆಗೆ ಅಪರಾಧಗಳು. ೨೦೨೨ರ ತಿದ್ದುಪಡಿಯಿಂದ ಕೋಡಗವು ಈ ಕಾಯ್ದೆಯ ಮೊದಲನೆಯ ಪರಿಶಿಷ್ಟದಲ್ಲಿ ಸೇರಿದ್ದು, ಶಿಕ್ಷೆಯು ಕಠಿಣವಾಗಿದೆ. ಮನುಷ್ಯರಿಗೆ ಅಪಾಯವನ್ನೊಡ್ಡುವ ಮಂಗವಿದ್ದರೆ ಪಂಚಾಯತಿಯ ಮೂಲಕ ಅರಣ್ಯ ಇಲಾಖೆಗೆ ಬರೆದುಕೊಳ್ಳತಕ್ಕದ್ದು.

ಕಲಘಟಗಿಯ ಪಡುವಣ ಹಾಗೂ ತೆಂಕಣ ಅಂಚಿನ ಊರುಗಳವರಿಗೆ ಮತ್ತೊಂದು ಸೂಚನೆಯುಂಟು. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರ ಕಾಡಿನಲ್ಲಿ ಮೊದಲು ಗೊತ್ತಾದ ಮಂಗನ ಕಾಯಿಲೆಯು ಕೋಡಗ, ಮುಸುವ ಎರಡನ್ನೂ ಕೊಲ್ಲುವದು. ಉಣ್ಣಿಗಳ ಕಡಿತದಿಂದ ಮನುಷ್ಯನಿಗೂ ಹತ್ತುವದು. ನೆರೆಯ ಉತ್ತರ ಕನ್ನಡದಲ್ಲಿಯೂ ಅದು ಕಾಣಿಸಿಕೊಂಡಿದೆ. ಅದರ ಹಾವಳಿಯು ಹೆಚ್ಚಾಗಿ ಡಿಸೆಂಬರದಿಂದ ಮೇ ತಿಂಗಳ ವರೆಗೆ, ಅಂದರೆ ಜನರು ಕಟ್ಟಿಗೆಗೂ ಸೊಪ್ಪಿಗೂ ಕಾಡಿಗೆ ಹೋಗುವ ಒಣಗಾಲದಲ್ಲಿಯೇ ಇರುವದು. ಆ ತಿಂಗಳುಗಳಲ್ಲಿ ಕಾಡಿನಲ್ಲಿ ಸತ್ತ ಮಂಗವು ಕಂಡುಬಂದರೆ ಅದನ್ನು ಮುಟ್ಟದೆ, ಹೂಳುವ ಪುಣ್ಯಕಾರ್ಯಕ್ಕೂ ಕೈಹಾಕದೆ, ಕೂಡಲೆ ಆರೋಗ್ಯ ಇಲಾಖೆಗಾಗಲಿ ಪಶುವೈದ್ಯರಿಗಾಗಲಿ ತಿಳಿಸಬೇಕು.

ಆಲದ ಕುಲದ ಮರಗಳನ್ನು ಹಚ್ಚುವವರು ಆರಿದ್ರಾ ಮಳೆಯನ್ನು ತಪ್ಪಿಸಬಾರದು. ತೋಳಿನಷ್ಟು ದಪ್ಪದ ಆಲದ ಗೂಟವನ್ನು ಆಳವಾಗಿ ನೆಟ್ಟು ಸುತ್ತಲೂ ಮಣ್ಣನ್ನು ಗಟ್ಟಿಯಾಗಿ ತುಳಿದರೆ ಅದು ಬೇರು ಬಿಡುವದು. ಅತ್ತಿ, ಬಸರಿಗಳ ಸಸಿಗಳನ್ನು ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ ಕೇಳಿ ನೋಡಬಹುದು. ಹೊಲದ ಒಡ್ಡಿನ ಮೇಲೆ ಹಚ್ಚಿದರೆ ಮಂಗವನ್ನು ಬೆಳೆಗೆ ಕರೆದಂತಾಗುವದರಿಂದ, ಹಳ್ಳದ ದಂಡೆ, ಕೆರೆಯ ಹಿಂಭಾಗ, ಊರಿನ ಗಾಯರಾಣ ಭೂಮಿ, ಇಂಥ ಕಡೆ, ಹೊಲಗಳಿಂದ ದೂರವಾಗಿ, ಒಂದೇ ಗುಂಪಾಗಿರದಂತೆ ಚದುರಿಸಿ ಹಚ್ಚಬೇಕು. ಆಡುಗಳು ಮೊದಲಿನ ಎರಡು ವರ್ಷ ಒಂದು ಚಿಗುರನ್ನೂ ಉಳಗೊಡವು. ಅಷ್ಟು ಕಾಲ ಪ್ರತಿಯೊಂದು ಗಿಡಕ್ಕೂ ಜಾಲಿಯ ಮುಳ್ಳಿನ ಬೇಲಿಯನ್ನು ಕಟ್ಟಿಸಿ, ಬೇಸಿಗೆಯಲ್ಲಿ ವಾರಕ್ಕೆರಡು ಸಾರೆ ನೀರು ಹಾಕಿಸತಕ್ಕದ್ದು.